ಅಮೀನಿಯ ಕತ್ತ, ಮಂಗಳೂರಿನ ಅಕ್ಕಿ

ದಕ್ಷಿಣ ಕನ್ನಡ ಜಿಲ್ಲೆಯೆಂದರೆ ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ನೇತ್ರಾವತಿ ಮೊದಲಾದ ನದಿಗಳು ಹರಿಯುವ ಕೆಂಪು ನೆಲ ಎಂದು ಶಾಲೆಯಲ್ಲಿ ಓದಿ ಬಂದವರಿಗೆ, ಆ ಜಿಲ್ಲೆಯ ಎಲ್ಲೆಯು ಕಡಲತೀರದಲ್ಲಿ ಮುಗಿಯದೆ, 1956ನೆಯ ಇಸವಿಯವರೆಗೂ ಅರಬ್ಬಿ ಸಮುದ್ರದೊಳಗೆ ಸುಮಾರು 300 ಕಿಲೋಮೀಟರು ದೂರ ಚಾಚಿ, ಅಮೀನಿ, ಕದಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ಐದು ಹವಳದ ದ್ವೀಪಗಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತ್ತೆಂಬ ಸಂಗತಿಯು ಕಟ್ಟುಕಥೆಯಂತೆ ಕೇಳಿಸಬಹುದು. ಅಮೀನಿದಿವಿಯೆಂದು ದಫ್ತರಗಳಲ್ಲಿ ಹೆಸರಾದ ಈ ದ್ವೀಪಗಳಿಗೆ ಮಂಗಳೂರಿನ ಕಲೆಕ್ಟರನೇ ಅಧಿಪತಿ, ಮಂಗಳೂರಿನ ಉಗ್ರಾಣವೇ ಕಣಜ. 157 ವರ್ಷ ನಡೆದ ಈ ಸಂಬಂಧವನ್ನು ಕುರಿತು ಕನ್ನಡದಲ್ಲಿ ದೊರೆಯುವ ಬರವಣಿಗೆ ಬಹು ಸ್ವಲ್ಪ. ಕಾಸರಗೋಡು ಕೈತಪ್ಪಿದ್ದಕ್ಕಾಗಿ ನಾವು ಪಟ್ಟ, ಇನ್ನೂ ಪಡುತ್ತಿರುವ ಸಂಕಟವನ್ನು ನೆನೆದರೆ, ಅದೇ ದಿನ ಅದೇ ಜಿಲ್ಲೆಯಿಂದ ಕಳಚಿಹೋದ ಈ ಐದು ದ್ವೀಪಗಳ ಹೆಸರನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಎತ್ತದಿರುವುದು ವಿಚಿತ್ರವೆನಿಸುತ್ತದೆ. ಅಲ್ಲಿಯವರ ಮಾತು ಮಲಯಾಳದ ಒಂದು ಪ್ರಭೇದವಾದ ಜೆಸೇರಿ. ಕನ್ನಡ ಅವರ ನಾಲಗೆಯ ಮೇಲೆ ಎಂದೂ ಇರಲಿಲ್ಲ, ನಾವೂ ಅವರನ್ನು ನಮ್ಮವರೆಂದು ಎಣಿಸಿರಲಿಲ್ಲ. ಆದಕಾರಣ ಕಳೆದುಕೊಂಡ ದುಃಖ ನಮಗಿಲ್ಲವೆಂಬುದು ಸಹಜವೇ. ಆದರೆ ಲೆಕ್ಕದ ಪುಸ್ತಕವನ್ನೇ ಮರೆತುಬಿಡುವುದು ಬೇರೆ ಮಾತು.

ಈ ಲೆಕ್ಕವನ್ನು ಬಿಚ್ಚಿ ನೋಡುವ ಕುತೂಹಲ ನನಗೆ ಹುಟ್ಟಿದ್ದು ಕಡಲಿಂದ ಬಹುದೂರವಿರುವ ಸ್ಟ್ರೀಟ್ಸ್‌ವಿಲ್ಲಿನಲ್ಲಿ. ಟೊರಾಂಟೊ ಮಹಾನಗರದ ಪಶ್ಚಿಮಕ್ಕೆ, ಕ್ರೆಡಿಟ್ ನದಿಯ ದಡದ ಮೇಲಿರುವ ಈ ಊರು, ಮಿಸಿಸಾಗ ನಗರವು ನಾಲ್ಕು ಕಡೆಯಿಂದಲೂ ಬೆಳೆದು ತನ್ನನ್ನು ಸುತ್ತುವರಿದ ಮೇಲೂ, ಕ್ವೀನ್ ಸ್ಟ್ರೀಟಿನ ಹಳೆಯ ಅಂಗಡಿಸಾಲನ್ನೂ, ತಾನೊಂದು ಪ್ರತ್ಯೇಕ ಗ್ರಾಮವೆಂಬ ಅಭಿಮಾನವನ್ನೂ ಬಿಡದೆ ಉಳಿಸಿಕೊಂಡಿದೆ. ದ್ವೀಪಕ್ಕೂ ಇದಕ್ಕೂ ಹೋಲಿಕೆ ಅಷ್ಟೇ ಆಗಿದ್ದರೆ ನಾನು ಈ ಹೆಸರನ್ನು ಇಲ್ಲಿ ತರುತ್ತಿರಲಿಲ್ಲ. ಈ ಊರು ನಿಂತಿರುವ ನೆಲವು ಕೈ ಬದಲಾದ ಬಗೆಯನ್ನು ಓದಿದಾಗ, ಅಮೀನಿಯ ಹುರಿಯೂ ಮಂಗಳೂರಿನ ಅಕ್ಕಿಯೂ ವಿನಿಮಯವಾಗುತ್ತಿದ್ದ ಬಗೆ ಇದ್ದಕ್ಕಿದ್ದಂತೆ ಅರ್ಥವಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ದ್ವೀಪಗಳ ಸ್ವರೂಪ. ಸಮುದ್ರದ ಆಳದಿಂದೆದ್ದ ಹವಳದ ದಿಬ್ಬಗಳ ಪೂರ್ವದ ಅಂಚಿನಲ್ಲಿ ಮರಳಿನ ಒಂದು ಪಟ್ಟಿ; ಅದರ ಪಶ್ಚಿಮಕ್ಕೆ, ಬಂಡೆಯ ಅಡ್ಡಗೋಡೆಯಿಂದ ಅಲೆಗಳ ಹೊಡೆತ ತಪ್ಪಿದ, ಪಚ್ಚೆಬಣ್ಣದ ತಿಳಿನೀರಿನ ಲಗೂನು. ನೆಲ ಸಮುದ್ರಕ್ಕಿಂತ ಕೆಲವೇ ಮೀಟರು ಎತ್ತರ. ಅಮೀನಿಯ ವಿಸ್ತೀರ್ಣ ಸುಮಾರು ಎರಡೂವರೆ ಚದರ ಕಿಲೋಮೀಟರು, ಕದಮತ್ ಮೂರು. ಬಿತ್ರಾವಾದರೋ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಪಾಲು, ಅಂದರೆ ಕರಾವಳಿಯ ಒಬ್ಬ ಅನುಕೂಲಸ್ಥನ ತೆಂಗಿನ ತೋಟದಷ್ಟು. ಬೆಟ್ಟವಿಲ್ಲ, ತೊರೆಯಿಲ್ಲ. ಕೆಲವು ಅಡಿ ತೋಡಿದರೆ ಸಿಹಿನೀರು ಸಿಕ್ಕುತ್ತದೆ. ಮಳೆಯ ನೀರು ಮರಳಿನಲ್ಲಿ ಇಂಗಿ, ಒಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿ ನಿಲ್ಲುವುದರಿಂದ, ಬಾವಿಯ ಮಟ್ಟವು ಕಡಲ ಉಬ್ಬರಕ್ಕೆ ಏರಿ ಇಳಿತಕ್ಕೆ ಇಳಿಯುತ್ತದೆ. ಭತ್ತ ಬೆಳೆಯುವ ಮಾತೇ ಇಲ್ಲ. ತೆಂಗು ಬೆಳೆಯುತ್ತದೆ, ಮೀನು ಸಿಕ್ಕುತ್ತದೆ. ಉಳಿದುದೆಲ್ಲ ಹಡಗಿನಲ್ಲಿ ಬರಬೇಕು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನ ವರೆಗೆ ಮಳೆಗಾಲದ ಕಡಲು ಹಡಗನ್ನು ಬಿಡದು. ಹೀಗಾಗಿ ದ್ವೀಪದ ಸಂಸಾರದ ಸಮಸ್ತ ಚಿಂತೆಯೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು: ಕಡಲು ಮುಚ್ಚುವ ಮೊದಲು ಮನೆಗೆ ಎಷ್ಟು ಅಕ್ಕಿ ಬಂದು ಸೇರಿತು?

ಅಕ್ಕಿಗೆ ಎದುರಾಗಿ ಕೊಡಲು ಅವರಲ್ಲಿ ಇದ್ದ ಮುಖ್ಯ ವಸ್ತು ಕತ್ತದ ಹುರಿ. ಈ ಹುರಿಯ ಕೀರ್ತಿ ಬಹು ಪುರಾತನವಾದದ್ದು. ಕಬ್ಬಿಣದ ಮೊಳೆಯಿಲ್ಲದೆ ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟುತ್ತಿದ್ದ ಅರಬ್ಬಿ ಸಮುದ್ರದ ಹಡಗುಗಳಿಗೆ ಅದು ಪ್ರಾಣಪ್ರಾಯವಾಗಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅಮೀನಿಯ ಮೇಲೆ ಬಿದ್ದುದು ಈ ಹುರಿಯ ಆಸೆಯಿಂದಲೇ. ಅಲ್ಲಿ ಕೋಟೆ ಕಟ್ಟಿ ಕುಳಿತ ಪರಂಗಿಗಳನ್ನು ದ್ವೀಪದವರು ವಿಷವಿಕ್ಕಿ ಕೊಂದರೆಂಬುದು ಪರಂಪರೆಯಿಂದ ಬಂದ ಮಾತು. ತರುವಾಯ ದ್ವೀಪಗಳ ಒಡೆತನ ಕೋಲತ್ತಿರಿ ಅರಸರಿಂದ ಕಣ್ಣೂರಿನ ಅರಕ್ಕಲ್ ಮನೆತನದ ಆಲಿರಾಜರಿಗೆ ಸಂದಿತು. ಆ ಮನೆತನವು 18ನೆಯ ಶತಮಾನದ ಉತ್ತರಾರ್ಧದಲ್ಲಿ ಹುರಿಯ ವ್ಯಾಪಾರವನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡು, ತಾನೇ ಗೊತ್ತುಮಾಡಿದ ಬೆಲೆಗೆ ಕೊಳ್ಳತೊಡಗಿದ ಮೇಲೆ, ಎಂದಿನಿಂದಲೂ ತಮ್ಮ ಹುರಿಯನ್ನು ಬೇಕಾದ ಬಂದರಕ್ಕೆ ಒಯ್ದು ಮಾರುತ್ತಿದ್ದ ಜನ ಸಹಿಸಲಾರದೆ ಹೋದರು.

1783ರಲ್ಲಿ ಅಮೀನಿಯ ಕೆಲವರು ಮಂಗಳೂರಿಗೆ ಬಂದು, ತಮ್ಮ ದ್ವೀಪಗಳ ಆಡಳಿತವನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನನ್ನು ಪ್ರಾರ್ಥಿಸಿದರು. ಇದು ಸಾಮಾನ್ಯ ಸಾಹಸವಲ್ಲ. ಕೆಲವು ಸಾವಿರ ಜನರೂ ಇಲ್ಲದ ದ್ವೀಪದವರು, ಒಬ್ಬ ದೊರೆಯ ತಕ್ಕಡಿ ಸರಿಯಿಲ್ಲವೆಂದು, ಕಡಲು ದಾಟಿ ಇನ್ನೊಬ್ಬ ದೊರೆಯನ್ನು ಆರಿಸಿಕೊಂಡು ಬಂದರು. ಟಿಪ್ಪುವಿಗೂ ಅರಕ್ಕಲ್ ಮನೆತನದ ಒಡತಿಯಾದ ಬೀಬಿಗೂ ಸ್ನೇಹವಿದ್ದುದರಿಂದ ಯುದ್ಧವಿಲ್ಲದೆಯೇ ಮಾತುಕತೆ ನಡೆದು, ಅಮೀನಿಯ ಗುಂಪಿನ ಐದು ದ್ವೀಪಗಳು ಸುಲ್ತಾನನ ವಶವಾದವು. ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿ, ಮಿನಿಕಾಯ್‌ಗಳು ಕಣ್ಣೂರಿಗೇ ಉಳಿದವು. ಒಂದೇ ನಂಟಸ್ತಿಕೆಯ ದ್ವೀಪಸಮೂಹ ಹೀಗೆ ಎರಡಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಪಾಲಿನ ಐದು ದ್ವೀಪಗಳು ಕೆನರಾ ಸೀಮೆಯೊಡನೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಆ ಸೀಮೆಯ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ದೊರೆ ಬದಲಾದನು, ಬಂದರ ಬದಲಾಯಿತು. ಏಕಸ್ವಾಮ್ಯ ಮಾತ್ರ ಬದಲಾಗಲಿಲ್ಲ.

ಕಂಪನಿಯ ಏರ್ಪಾಡು ಸರಳವಾದದ್ದು. ಅಮೀನಿಯಲ್ಲಿ ಮಣೆಗಾರನೆಂಬ ಒಬ್ಬ ಅಧಿಕಾರಿ. ಅವನಿಗೆ ಕಂದಾಯದ ಕೆಲಸದ ಜೊತೆಗೆ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರಿಸುವ ಅಧಿಕಾರವೂ ಉಂಟು. ದ್ವೀಪದ ಹುರಿಯೆಲ್ಲ ಮಂಗಳೂರಿಗೆ ಬಂದು ಸರ್ಕಾರದ ಉಗ್ರಾಣದಲ್ಲಿ ತೂಗಿಸಿಕೊಳ್ಳಬೇಕು. ಅದರ ಬೆಲೆ ಸರ್ಕಾರ ಗೊತ್ತುಮಾಡಿದ್ದು. ಬೆಲೆಯಲ್ಲಿ ದೊಡ್ಡ ಭಾಗ ಅಕ್ಕಿಯ ರೂಪದಲ್ಲಿ ಸಲ್ಲುತ್ತಿತ್ತು. ಆ ಅಕ್ಕಿಯ ದರವೂ ಸರ್ಕಾರ ಗೊತ್ತುಮಾಡಿದ್ದೇ. ಅಕ್ಕಿಗೆ ಈ ಕರಾವಳಿಯಲ್ಲಿ ಕೊರತೆಯಿರಲಿಲ್ಲ. ಕೆಳದಿಯ ನಾಯಕರ ಕಾಲದಲ್ಲೇ ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಪೋರ್ಚುಗೀಸರ ಗೋವೆ ಎಷ್ಟೋ ವರ್ಷ ಉಂಡದ್ದು ಕನ್ನಡ ಕರಾವಳಿಯ ಅನ್ನವನ್ನು. ಅಂಥ ನೆಲದ ಉಗ್ರಾಣಕ್ಕೆ ಐದು ಪುಟ್ಟ ದ್ವೀಪಗಳ ಹೊಟ್ಟೆ ಒಂದು ಲೆಕ್ಕವೇ ಅಲ್ಲ. ದ್ವೀಪಗಳಿಗಾದರೋ ಆ ಉಗ್ರಾಣವೇ ಸರ್ವಸ್ವ.

ಎದುರುಬದುರಾಗುತ್ತಿದ್ದ ಈ ಎರಡು ಪದಾರ್ಥಗಳ ಹಿಂದಿನ ದುಡಿಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದ್ವೀಪದಲ್ಲಿ ಸುಲಿದ ತೆಂಗಿನ ಸಿಪ್ಪೆಯನ್ನು ಲಗೂನಿನ ದಂಡೆಯ ಮರಳಿನಲ್ಲಿ ತೋಡಿದ ಗುಂಡಿಗಳಲ್ಲಿ ಹುಗಿದು, ಉಬ್ಬರದ ನೀರು ತೇಲಿಸಿಕೊಂಡು ಹೋಗದಂತೆ ಮೇಲೆ ಹವಳದ ಕಲ್ಲುಗಳನ್ನು ಹೇರಿ, ಹೆಚ್ಚುಕಡಮೆ ಒಂದು ವರ್ಷ ಕೊಳೆಯಿಸುವರು. ಶುದ್ಧವಾದ ಉಪ್ಪುನೀರಿನಲ್ಲಿ ನೆನೆದ ಆ ನಾರಿನ ಬಣ್ಣ ತಿಳಿಯಾಗಿರುತ್ತದೆ, ಎಳೆ ಗಟ್ಟಿಯಾಗಿರುತ್ತದೆ. ಸಿಪ್ಪೆಯನ್ನು ಹೊರತೆಗೆದು, ಕೋಲಿನಿಂದ ಬಡಿದು, ಜೊಂಡನ್ನು ಉದುರಿಸಿ, ಬಿಸಿಲಿಗೆ ಹರವಿ, ಅಂಗೈಗಳ ನಡುವೆ ಎಳೆ ಎಳೆಯಾಗಿ ಹೊಸೆಯುವ ಕೆಲಸವೆಲ್ಲ ಹೆಂಗಸರದು. ಮಂಗಳೂರಿಗೆ ಬಂದಿಳಿದ ಪ್ರತಿಯೊಂದು ಹುರಿಸುರುಳಿಯೂ ಒಂದು ವರ್ಷದ ನೀರು, ತಿಂಗಳುಗಟ್ಟಲೆ ಹೆಂಗಸರ ಕೈ.

ಈಚೆಯ ದಡದಲ್ಲಿ ಅಕ್ಕಿಗೆ ಮುಡಿ ಕಟ್ಟುತ್ತಿದ್ದರು. ಬೈಹುಲ್ಲನ್ನು ನೆಲದ ಮೇಲೆ ಕಿರಣದಂತೆ ಹರಡಿ, ನಡುವೆ ಮೂರು ಕಳಸೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆತ್ತಿ ಗಂಟು ಹಾಕಿ, ಹುಲ್ಲಿನದೇ ಹಗ್ಗದಿಂದ ಸುತ್ತು ಸುತ್ತಾಗಿ ಬಿಗಿಯುತ್ತ, ಕೊಡತಿಯಿಂದ ಎಲ್ಲ ಕಡೆಯೂ ಹದವಾಗಿ ಬಡಿದು ದುಂಡಗೆ ಮಾಡುವ ಈ ವಿದ್ಯೆಯನ್ನು ಬಲ್ಲವರು ತುಳುನಾಡಿನ ಹಳ್ಳಿಗಳಲ್ಲಿ ಈಗ ಕೈಬೆರಳಿನಲ್ಲಿ ಎಣಿಸುವಷ್ಟು. ಚೆನ್ನಾಗಿ ಕಟ್ಟಿದ ಮುಡಿಯನ್ನು ಅಟ್ಟದಿಂದ ಉರುಳಿಸಿದರೂ ಒಂದು ಕಾಳು ಚೆಲ್ಲದು. ಒಳಗಿನ ಅಕ್ಕಿ ಮಳೆಗಾಲವಿಡೀ ಕೆಡದು. ಹಗ್ಗ ಹೊಸೆಯುವ ಎರಡು ನಾಡುಗಳು, ಒಂದು ತೆಂಗಿನ ನಾರಿನಿಂದಲೂ ಇನ್ನೊಂದು ಬೈಹುಲ್ಲಿನಿಂದಲೂ, ಒಂದನ್ನೊಂದು ಕಾಣದೆ ವ್ಯವಹರಿಸುತ್ತಿದ್ದವು.

ನಡುವೆ ಕಡಲನ್ನು ದಾಟಿಸುತ್ತಿದ್ದುದು ಓಡಂ ಎಂಬ ಹಾಯಿಹಡಗು. ಅದನ್ನು ನಡೆಸುತ್ತಿದ್ದವರು ಮಾಲ್ಮಿಗಳು. ದಿಗಂತದಿಂದ ಧ್ರುವನಕ್ಷತ್ರದ ಎತ್ತರವನ್ನು ಅಳೆಯಲು ಗಂಟು ಹಾಕಿದ ದಾರವುಳ್ಳ ಒಂದು ಮರದ ಹಲಗೆ, ದಾರಿಯ ವಿವರಗಳನ್ನು ತಲೆಮಾರುಗಳಿಂದ ಬರೆದಿಟ್ಟ ರಹಮಾನಿ ಎಂಬ ಕೈಬರಹದ ಹೊತ್ತಗೆ, ಇವೇ ಅವರ ಉಪಕರಣಗಳು. ಮಂಗಳೂರಿನಿಂದ ಹೊರಟ ಹಡಗಿಗೆ ಚೇತ್ಲಾತಿನಂಥ ಒಂದು ಚದರ ಕಿಲೋಮೀಟರಿನ ನೆಲ ತಪ್ಪಿದರೆ ಮುಂದೆ ಇರುವುದು ಅರಬಸ್ಥಾನವೇ. ಅಂಥ ವಿದ್ಯಾವಂತನಾದ ಮಾಲ್ಮಿಯು ಬಂದರದಲ್ಲಿ ಇಳಿದೊಡನೆ, ತಾನು ತಂದ ಸರಕಿನ ಬೆಲೆಯ ವಿಷಯದಲ್ಲಿ ಒಂದು ಮಾತನ್ನೂ ಆಡಲಾರದ ಸಾಮಾನ್ಯನಾಗುತ್ತಿದ್ದನು.

ನ್ಯಾಯವಾಗಿ ಹೇಳುವುದಾದರೆ, ಈ ಏರ್ಪಾಡಿನಲ್ಲಿ ಬರಿಯ ಸುಲಿಗೆಯನ್ನೇ ಕಾಣುವುದು ಸರಿಯಲ್ಲ. ಎರಡು ದರಗಳೂ ಸ್ಥಿರವಾಗಿದ್ದುದರಿಂದ, ಪೇಟೆಯಲ್ಲಿ ಅಕ್ಕಿ ತುಟ್ಟಿಯಾದ ವರ್ಷ ದ್ವೀಪದವನಿಗೆ ಲಾಭ, ಹುರಿ ತುಟ್ಟಿಯಾದ ವರ್ಷ ಸರ್ಕಾರಕ್ಕೆ ಲಾಭ. ಕ್ಷಾಮದ ವರ್ಷದಲ್ಲೂ ಉಗ್ರಾಣದ ಬಾಗಿಲು ಅವನಿಗೆ ಮುಚ್ಚುತ್ತಿರಲಿಲ್ಲವೆಂಬ ಭರವಸೆಯ ಬೆಲೆ ಎಷ್ಟೆಂಬುದನ್ನು ಹೊಟ್ಟೆ ತುಂಬಿದವರು ಹೇಳಲಾಗದು. ಆದರೆ ದರವನ್ನು ಗೊತ್ತುಮಾಡುವ ಸ್ಥಳದಲ್ಲಿ ದ್ವೀಪದವನಿಗೆ ಆಸನವಿರಲಿಲ್ಲ. ಅವನ ಒಂಟಿತನ ಇದ್ದುದು 300 ಕಿಲೋಮೀಟರು ನೀರಿನಲ್ಲಲ್ಲ, ಆ ನೀರನ್ನು ಅವನು ಲೀಲಾಜಾಲವಾಗಿ ದಾಟುತ್ತಿದ್ದನು. ತಕ್ಕಡಿ ಯಾವಾಗಲೂ ಎದುರು ದಡದಲ್ಲಿ ಇದ್ದುದರಲ್ಲಿ.

ಇಲ್ಲಿ ಸ್ಟ್ರೀಟ್ಸ್‌ವಿಲ್ಲಿನ ನೆಲದ ಕಥೆ ಬರುತ್ತದೆ. 1818ರ ಅಕ್ಟೋಬರ್ 28ರಂದು ಕ್ರೆಡಿಟ್ ನದಿಯ ಮಿಸಿಸಾಗ ಜನರ ಮುಖಂಡನಾದ ಅಜೆಟನ್ಸನು 6,48,000 ಎಕರೆ ಭೂಮಿಯನ್ನು ಬ್ರಿಟಿಷ್ ಪ್ರಭುತ್ವಕ್ಕೆ ಬಿಟ್ಟುಕೊಟ್ಟನು. ಪ್ರತಿಫಲವೆಂದರೆ ವರ್ಷಕ್ಕೆ 522 ಪೌಂಡು 10 ಷಿಲಿಂಗು; ಅದೂ ನಾಣ್ಯವಾಗಿಯಲ್ಲ, ಸರಕಾಗಿ; ಸರಕಿನ ಬೆಲೆಯೋ ಮಾಂಟ್ರಿಯಲ್ ಪೇಟೆಯದು. ಈ ನದಿಗೆ ಈ ಹೆಸರು ಬಂದುದು, ವರ್ತಕರು ಚಳಿಗಾಲಕ್ಕೆ ಮುಂಚೆ ಸಾಮಾನುಗಳನ್ನು ಸಾಲವಾಗಿ ಕೊಟ್ಟು ವಸಂತದಲ್ಲಿ ತುಪ್ಪುಳದ ಚರ್ಮಗಳನ್ನು ಪಡೆಯುತ್ತಿದ್ದ ವ್ಯವಹಾರದಿಂದ. ಹಿಮಗಾಲಕ್ಕೆ ಮುಂಚಿನ ಸಾಲವೂ ಮಳೆಗಾಲಕ್ಕೆ ಮುಂಚಿನ ಅಕ್ಕಿಯೂ ಒಂದೇ ಜಾತಿಯವು. ಮರುವರ್ಷ, 1819ರಲ್ಲಿ, ಈ ಭೂಮಿಯ ಅಳತೆ ನಡೆಯಿತು. ಅಳತೆಯ ವೆಚ್ಚವನ್ನು ಹೊತ್ತ ಟಿಮೊಥಿ ಸ್ಟ್ರೀಟ್ ಎಂಬವನು ಕೂಲಿಯನ್ನು ಭೂಮಿಯ ರೂಪದಲ್ಲಿ ಪಡೆದು, ನದಿಯ ದಡದಲ್ಲಿ ಹಿಟ್ಟಿನ ಗಿರಣಿಯನ್ನೂ ಮರ ಕೊಯ್ಯುವ ಗಿರಣಿಯನ್ನೂ ಸ್ಥಾಪಿಸಿದನು. ಊರಿಗೆ ಅವನ ಹೆಸರೇ ನಿಂತಿತು. 1820ರ ಒಪ್ಪಂದಗಳು ಮುಗಿಯುವ ವೇಳೆಗೆ ಮಿಸಿಸಾಗ ಜನರಿಗೆ ನದಿಯ ಬಳಿ ಉಳಿದದ್ದು 200 ಎಕರೆ. 1847ರಲ್ಲಿ ಅವರು ಆ ನೆಲೆಯನ್ನೂ ತೊರೆದು ಹೇಗರ್ಸ್‌ವಿಲ್ಲಿನ ಬಳಿಗೆ ಹೊರಟುಹೋದರು.

ಎರಡು ಕಥೆಗಳಿಗೂ ಇರುವ ವ್ಯತ್ಯಾಸವನ್ನು ಮರೆಯತಕ್ಕದ್ದಲ್ಲ. ಕ್ರೆಡಿಟ್ ನದಿಯ ದಡದ ಮೇಲೆ ಇತರರಿಗೆ ಆಸೆಯಿತ್ತು. ಗೋಧಿ ಬೆಳೆಯುವ ನೆಲ, ಗಿರಣಿ ತಿರುಗಿಸುವ ನೀರು. ಅಮೀನಿಯ ಮರಳಿನ ಮೇಲೆ ಯಾರಿಗೂ ಆಸೆಯಿರಲಿಲ್ಲ. ಅಲ್ಲಿಯ ಹುರಿ ಬೇಕು, ಹುರಿ ಹೊಸೆಯುವ ಕೈಗಳು ಅಲ್ಲೇ ಇರಬೇಕು. ನೆಲ ಬಡವಾಗಿದ್ದುದೇ ಅವರನ್ನು ನೆಲದ ಮೇಲೆ ಉಳಿಸಿತು.

ಕಣ್ಣೂರಿನ ಪಾಲಿನ ದ್ವೀಪಗಳ ಗತಿ ಬೇರೆಯಾಯಿತು. ಅದೇ 1847ರ ಏಪ್ರಿಲಿನಲ್ಲಿ ಎದ್ದ ಚಂಡಮಾರುತ ಆಂಡ್ರೋತ್, ಕಲ್ಪೇನಿಗಳ ಮರಗಳನ್ನೂ ಮನೆಗಳನ್ನೂ ನೆಲಸಮ ಮಾಡಿತು. ಮದರಾಸಿನ ಅಧಿಕಾರಿ ವಿಲಿಯಂ ರಾಬಿನ್‌ಸನ್ ಹೋಗಿ ನೋಡಿ ವರದಿ ಬರೆದನು. ಪರಿಹಾರಕ್ಕಾಗಿ ಕಂಪನಿ ಕೊಟ್ಟ ಹಣ ಅರಕ್ಕಲ್ ಮನೆತನದ ತಲೆಯ ಮೇಲೆ ಸಾಲವಾಗಿ ಬೆಳೆಯಿತು. ಎರಡು ಬಾರಿ ಜಪ್ತಿಯಾಗಿ, ಕೊನೆಗೆ 20ನೆಯ ಶತಮಾನದ ಆದಿಯಲ್ಲಿ ಆ ದ್ವೀಪಗಳೂ ನೇರವಾಗಿ ಬ್ರಿಟಿಷರವಾದವು. ಆದರೂ ಅವು ಮಲಬಾರಿಗೆ, ಅಮೀನಿ ಗುಂಪು ಮಂಗಳೂರಿಗೆ ಎಂಬ ಹಳೆಯ ಗೆರೆ ಅಳಿಯಲಿಲ್ಲ.

ದ್ವೀಪದ ಸಮಾಜವನ್ನು ದೂರದಿಂದ ನೋಡಿ ಸತ್ಯಯುಗವೆಂದು ಭ್ರಮಿಸುವುದು ಸುಲಭ. ಮುಸಲ್ಮಾನರಾದರೂ ಅವರದು ತರವಾಡಿನ ಪದ್ಧತಿ, ನಮ್ಮ ಅಳಿಯಸಂತಾನಕ್ಕೆ ಹತ್ತಿರದ್ದು. ಗಂಡನು ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಗ್ಗೆ ತಾಯಿಯ ಮನೆಗೆ ಹಿಂದಿರುಗುವನು. ಧರ್ಮಶಾಸ್ತ್ರಕ್ಕೂ ಈ ಕಟ್ಟಳೆಗೂ ಬರಬಹುದಾಗಿದ್ದ ಜಗಳವನ್ನು ಅವರು ಜಾಣತನದಿಂದ ತೀರಿಸಿಕೊಂಡರು: ತರವಾಡಿನ ಅವಿಭಕ್ತ ಸ್ವತ್ತಿಗೆ ಶುಕ್ರವಾರದ ಆಸ್ತಿಯೆಂದೂ, ಸ್ವಂತ ದುಡಿದದ್ದಕ್ಕೆ ಸೋಮವಾರದ ಆಸ್ತಿಯೆಂದೂ ಹೆಸರಿಟ್ಟು, ಮೊದಲನೆಯದನ್ನು ತಾಯಿಯ ಸಂತತಿಗೂ ಎರಡನೆಯದನ್ನು ಶಾಸ್ತ್ರದಂತೆ ಮಕ್ಕಳಿಗೂ ಬಿಟ್ಟರು. ಮಂಗಳೂರಿನ ಯಾವ ವಕೀಲನೂ ಇದಕ್ಕಿಂತ ಚೊಕ್ಕವಾದ ಪತ್ರ ಬರೆಯಲಾರನು. ಆದರೆ ಮರ ಹತ್ತುವ ಮೇಲಾಚೇರಿಗಳಿಗೆ ಓಡಂ ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ಭೂಮಿಯೂ ಹಡಗೂ ಕುಲೀನರದು, ಮಾಲ್ಮಿಗಳದು ನಾವಿಕವೃತ್ತಿ, ಕಾಯಿ ಇಳಿಸುವವನು ಕಾಯಿ ಇಳಿಸುತ್ತಲೇ ಇರಬೇಕು. ಮಂಗಳೂರಿನ ತಕ್ಕಡಿಯ ಮುಂದೆ ಮೂಕನಾಗುತ್ತಿದ್ದ ಯಜಮಾನನು ತನ್ನ ದ್ವೀಪದಲ್ಲಿ ಇನ್ನೊಂದು ತಕ್ಕಡಿಯನ್ನು ಹಿಡಿದಿದ್ದನೆಂಬುದೂ ಈ ಲೆಕ್ಕಕ್ಕೆ ಸೇರತಕ್ಕದ್ದೇ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ದಕ್ಷಿಣ ಕನ್ನಡವು ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದಂತೆ, ಅಮೀನಿದಿವಿಗಳು ಮಲಬಾರಿನ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಕಚೇರಿ ಮೊದಲು ಕೋಳಿಕ್ಕೋಡಿನಲ್ಲಿತ್ತು. 1964ರಲ್ಲಿ ಕವರತ್ತಿಗೆ ಬಂತು, ಎಂದರೆ ತಕ್ಕಡಿ ಮೊದಲ ಬಾರಿಗೆ ದ್ವೀಪಗಳ ಒಳಗೆ ಬಂತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದ ದಿನವೇ ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು. ಅದಾಗಿ ಎರಡೇ ತಿಂಗಳಿಗೆ, 1974ರ ಜನವರಿ 1ರಂದು, ಸ್ಟ್ರೀಟ್ಸ್‌ವಿಲ್ ಪಟ್ಟಣವು ತನ್ನ ಇಷ್ಟಕ್ಕೆ ವಿರುದ್ಧವಾಗಿ ಮಿಸಿಸಾಗ ನಗರದಲ್ಲಿ ವಿಲೀನವಾಯಿತು. ವಿಲೀನವನ್ನು ಗಟ್ಟಿಯಾಗಿ ವಿರೋಧಿಸಿದ ಕೊನೆಯ ಮೇಯರ್ ಹೇಜಲ್ ಮೆಕಾಲಿಯನ್ ಅವರೇ 1978ರಿಂದ 2014ರ ವರೆಗೆ ಆ ದೊಡ್ಡ ನಗರದ ಮೇಯರಾಗಿ ಆಳಿದರು. ಅಮೀನಿಯ ಯಾವ ಮಾಲ್ಮಿಯೂ ಮಂಗಳೂರಿನ ಕಲೆಕ್ಟರನಾದದ್ದುಂಟೆ? ಸಣ್ಣ ಊರಾದರೂ ಪ್ರಜೆಗೆ ಮತವಿದ್ದ ಕಾಲಕ್ಕೂ, ಮಣೆಗಾರನ ಕಾಲಕ್ಕೂ ಇರುವ ಅಂತರ ಇದು.

ಈಗ ದ್ವೀಪಗಳಲ್ಲಿ ಹುರಿಯ ಮಹತ್ವ ಇಳಿದಿದೆ. ಕೊಬ್ಬರಿಯೂ ಸೂರೆ ಮೀನೂ ಸರ್ಕಾರದ ನೌಕರಿಯೂ ಮುಂದೆ ಬಂದಿವೆ. ಕಡಲಹಕ್ಕಿಗಳ ಗೂಡಾಗಿ ನಿರ್ಜನವಾಗಿದ್ದ ಬಿತ್ರಾಕ್ಕೆ ಸುಮಾರು 1945ರಲ್ಲಿ ಚೇತ್ಲಾತಿನಿಂದ ಜನ ಬಂದು ನೆಲೆಸಿದರು. 2011ರ ಜನಗಣತಿಯಲ್ಲಿ ಅಲ್ಲಿ 271 ಮಂದಿ ಇದ್ದರು. ಮಂಗಳೂರಿನ ಹಳೆ ಬಂದರದಿಂದ ಇಂದಿಗೂ ಮಂಜಿಗಳೆಂಬ ಸರಕಿನ ಹಡಗುಗಳು ಅಕ್ಕಿ, ತರಕಾರಿ, ಈರುಳ್ಳಿ, ಸಿಮೆಂಟು, ಜಲ್ಲಿಗಳನ್ನು ಹೇರಿಕೊಂಡು ಹೊರಡುತ್ತವೆ. 2021ರಲ್ಲಿ ಲಕ್ಷದ್ವೀಪದ ಆಡಳಿತವು, ಕೇರಳದ ಬೇಪೂರಿನ ಬದಲು ಮಂಗಳೂರಿನ ಮೂಲಕವೇ ಸರಕು ಸಾಗಬೇಕೆಂದು ನಿರ್ಧರಿಸಿದಾಗ ಕೇರಳದಲ್ಲಿ ಪ್ರತಿಭಟನೆಯೆದ್ದಿತು. ಮಂಗಳೂರಿನ ಪತ್ರಿಕೆ ಓದುವವರಿಗೆ ಅದೊಂದು ಹೊಸ ವ್ಯಾಪಾರದ ಸುದ್ದಿ. ಚೇತ್ಲಾತಿನ ಅಂಗಡಿಯವನಿಗಾದರೋ ಮಾತು, ಔಷಧಿ, ಮಕ್ಕಳ ಕಾಲೇಜು, ನಂಟರ ಮನೆ ಇವೆಲ್ಲ ಮಲಯಾಳದ ದಡದಲ್ಲಿ; ಮಂಜಿಯ ಬಾಡಿಗೆ ಮಾತ್ರ ಕನ್ನಡದ ದಡದಲ್ಲಿ ಗೊತ್ತಾಗಬೇಕು, ಅದೂ ಮೇ ತಿಂಗಳಲ್ಲಿ ಕಡಲು ಮುಚ್ಚುವುದಕ್ಕೆ ಮೊದಲು.